ನನ್ನ ಮೊದಲ ಮ್ಯಾರಥಾನ್ ಮತ್ತು ಬೆಳಗಾವಿಯ ಫಡೆಪ್ಪ

ಮೊದಲೇ ಹೇಳಿಬಿಡುತ್ತೇನೆ, ನಾನು ಓಟಗಾರನಲ್ಲ. ಬಿ.ಕಾಂ. ಮುಗಿಸಿ, ಬೆಳಗಾವಿ ಜಿಲ್ಲೆಯಿಂದ ಬ್ಯಾಂಕ್ ನೌಕರಿಗೆಂದು ಮುಂಬಯಿಗೆ ಬಂದವನು. ಮೂವತ್ತು ವರ್ಷಕ್ಕೂ ಮಿಕ್ಕಿ ಮೊದಲು ಲೆಡ್ಜರಿನ ಮುಂದೆ, ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಸೊಂಟದ ಸುತ್ತಳತೆ ಬೆಳೆಸಿಕೊಂಡೆ. ಓಡಿದ್ದೇನಾದರೂ ಇದ್ದರೆ ವಡಾಲ ಸ್ಟೇಷನ್ನಿನ ಸೇತುವೆಯ ಮೇಲೆ, ಲೋಕಲ್ ತಪ್ಪಬಾರದೆಂದು. ಅಂಥವನು 2023ರ ಜನವರಿ 15ರಂದು ಮುಂಬಯಿ ಮ್ಯಾರಥಾನಿನ 42.195 ಕಿಲೋಮೀಟರ್ ಮುಗಿಸಿದೆ. ಸಮಯ 5 ತಾಸು 48 ನಿಮಿಷ. ನಗಬೇಡಿ, ಮುಗಿಸಿದೆ ಎನ್ನುವುದು ಮುಖ್ಯ.

ಶುರುವಾದದ್ದು ಸಕ್ಕರೆಯಿಂದ. 2021ರ ರಕ್ತ ಪರೀಕ್ಷೆಯ ರಿಪೋರ್ಟು ನೋಡಿ ಡಾಕ್ಟರು ದಿನಾ ನಡೆಯಿರಿ ಅಂದರು. ವಡಾಲದಲ್ಲಿ ನಡೆಯುವವರಿಗೆ ಫೈವ್ ಗಾರ್ಡನ್ಸ್ ಇದೆಯಲ್ಲ, ಪಾರ್ಸಿ ಕಾಲನಿಯ ಆ ದೊಡ್ಡ ದೊಡ್ಡ ಮರಗಳ ಕೆಳಗೆ ಬೆಳಿಗ್ಗೆ ಐದೂವರೆಗೇ ಜಾತ್ರೆ. ನಡಿಗೆ ಬೇಸರವಾಗಿ ಒಂದು ಸುತ್ತು ಓಡಿದೆ, ಆಮೇಲೆ ಎರಡು. ವರ್ಷದೊಳಗೆ ಭಾನುವಾರಗಳಂದು ವಡಾಲದಿಂದ ಪರೇಲ್, ಭಾಯಖಳಾ ಹಾದು ಸಿ.ಎಸ್.ಟಿ.ವರೆಗೆ ಓಡಿ ಹಾರ್ಬರ್ ಲೋಕಲ್ಲಿನಲ್ಲಿ ಬೆವರು ವಾಸನೆ ಹೊತ್ತು ವಾಪಸು ಬರುವಷ್ಟಾದೆ. ಒಂದು ಹಾಫ್ ಓಡಿದ ಮೇಲೆ ಮಗಳು, “ಪಪ್ಪಾ, ಇನ್ನು ಫುಲ್ಲೇ,” ಅಂತ ನನ್ನ ಹೆಸರು ತುಂಬಿಬಿಟ್ಟಳು. ನಮ್ಮ ಮನೆಯಾಕೆ ಮಾತ್ರ, “ಈ ವಯಸ್ಸಿನ್ಯಾಗ ಯಾರಿಗೆ ತೋರಸಾಕ ಓಡ್ತೀರಿ?” ಅಂದು ಒಳಗೆ ಹೋದಳು. ಮರುದಿನ ನಾಲ್ಕೂವರೆಗೆ ಚಹಾ ಮಾಡಿ ಎಬ್ಬಿಸಿದವಳೂ ಅವಳೇ.

ಈ ಊರಿನ ಮ್ಯಾರಥಾನ್ ಶುರುವಾದದ್ದು 2004ರ ಫೆಬ್ರವರಿ 15ರಂದು. ಆಗ ನಾನು ಫೋರ್ಟಿನ ರಸ್ತೆಬದಿಯಲ್ಲಿ ನಿಂತು ನೋಡಿದವರ ಪೈಕಿ. ದಕ್ಷಿಣ ಆಫ್ರಿಕದ ಹೆಂಡ್ರಿಕ್ ರಮಾಲಾ ಗೆದ್ದ, ಅದೇ ವರ್ಷ ನ್ಯೂಯಾರ್ಕಿನಲ್ಲೂ ಗೆದ್ದ. ಆಗ ಓಟಕ್ಕೆ ಒಂದು ವಿದೇಶಿ ಬ್ಯಾಂಕಿನ ಹೆಸರಿತ್ತು. 2018ರಿಂದ ಟಾಟಾ ಹೆಸರು. ಎದೆಗೆ ಪಿನ್ನು ಹಾಕಿಕೊಳ್ಳುವ ನಂಬರಿನ ಮೇಲೆ ಆ ಹೆಸರು ನೋಡಿ, ಈ ಟಾಟಾದವರಿಗೂ ಓಟಕ್ಕೂ ಏನು ಸಂಬಂಧ ಅಂತ ಹುಡುಕುತ್ತಾ ಹೋದೆ. ಬ್ಯಾಂಕಿನವನ ಚಾಳಿ, ಖಾತೆ ಎಲ್ಲಿ ತೆರೆದದ್ದು ಅಂತ ನೋಡದೆ ಸಮಾಧಾನವಿಲ್ಲ.

ಖಾತೆ ತೆರೆದದ್ದು ಪುಣೆಯಲ್ಲಿ, 1919ರಲ್ಲಿ. ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟಕ್ಕೆ ಸರ್ ದೊರಾಬ್ಜಿ ಟಾಟಾ ಅಧ್ಯಕ್ಷರಾಗಿ ಹೋಗಿದ್ದರು. ದೂರದ ಓಟಕ್ಕೆ ನಿಂತವರು ಬಹುತೇಕ ರೈತಾಪಿ ಹುಡುಗರು, ಬರಿಗಾಲು. ತರಬೇತಿ ಅನ್ನುವುದೇನೂ ಇಲ್ಲ. ಆದರೂ ಅವರು ತೆಗೆದುಕೊಂಡ ಸಮಯ ಯುರೋಪಿನ ಓಟಗಾರರಿಗಿಂತ ಬಹಳ ಹಿಂದೆ ಇಲ್ಲ ಅನ್ನುವುದು ದೊರಾಬ್ಜಿಯವರ ಗಮನಕ್ಕೆ ಬಂತು. ಇವರನ್ನು ಒಲಿಂಪಿಕ್ಸಿಗೆ ಯಾಕೆ ಕಳಿಸಬಾರದು ಎಂದು ಬೊಂಬಾಯಿ ಗವರ್ನರ್ ಜಾರ್ಜ್ ಲಾಯ್ಡ್ ಅವರ ಬೆಂಬಲ ಕೇಳಿದರು. ಆಗ ಭಾರತಕ್ಕೆ ಒಂದು ಒಲಿಂಪಿಕ್ ಸಂಘವೂ ಇರಲಿಲ್ಲ, ಅದು ಹುಟ್ಟಿದ್ದು 1927ರಲ್ಲಿ, ದೊರಾಬ್ಜಿಯವರೇ ಮೊದಲ ಅಧ್ಯಕ್ಷರು. ಅಂತೂ ದುಡ್ಡು ಹೊಂದಿಸಿ, ಒಂದಿಷ್ಟು ತಮ್ಮ ಜೇಬಿನಿಂದಲೂ ಹಾಕಿ, 1920ರಲ್ಲಿ ಬೆಲ್ಜಿಯಂನ ಆಂಟ್ವರ್ಪಿಗೆ ಆರು ಜನರನ್ನು ಕಳಿಸಿದರು. ನಾಲ್ವರು ಓಟಗಾರರು, ಇಬ್ಬರು ಪೈಲ್ವಾನರು. ಭಾರತದ ಹೆಸರಿನಲ್ಲಿ ಕಟ್ಟಿ ಕಳಿಸಿದ ಮೊದಲ ತಂಡ ಅದು.

ಆ ಪಟ್ಟಿ ಓದುತ್ತಿದ್ದವನು ಒಂದು ಹೆಸರಿಗೆ ಎದ್ದು ಕೂತೆ. ಫಡೆಪ್ಪ ದರೆಪ್ಪ ಚೌಗುಲೆ, ಊರು ಬೆಳಗಾವಿ! ತನ್ನ ಹೆಸರಿನಲ್ಲೊಂದು, ತಂದೆಯ ಹೆಸರಿನಲ್ಲೊಂದು ಅಪ್ಪ. ಅದರ ಜೊತೆಗೆ ಧಾರವಾಡ ಜಿಲ್ಲೆಯ ಕೈಕಾಡಿ ಎನ್ನುವ ಇನ್ನೊಬ್ಬ ಓಟಗಾರ. ನಾಲ್ವರಲ್ಲಿ ಇಬ್ಬರು ನಮ್ಮ ಸೀಮೆಯವರು. ಆಗ ನಮ್ಮ ಜಿಲ್ಲೆಗಳೆಲ್ಲ ಬೊಂಬಾಯಿ ಪ್ರಾಂತ್ಯದಲ್ಲಿದ್ದವು, ಹಾಗಾಗಿ ಇವರು ಬೊಂಬಾಯಿಯವರು ಅನ್ನಿಸಿಕೊಂಡು ಹೋದರು. ನಾವೂ ಹಾಗೇ ತಾನೆ, ಇಲ್ಲಿ ಕರ್ನಾಟಕದವರು, ಊರಿಗೆ ಹೋದರೆ ಮುಂಬಯಿಯವರು.

ಅದೇ ರಾತ್ರಿ ಊರಲ್ಲಿರುವ ಅಣ್ಣನಿಗೆ ಫೋನ್ ಹಚ್ಚಿದೆ. “ಅಣ್ಣಾ, ಫಡೆಪ್ಪ ಚೌಗುಲೆ ಅಂತ ಯಾರರ ಹೇಳಿದ್ದು ಕೇಳೀಯೇನು?”

“ಯಾವ ಊರ ಫಡೆಪ್ಪಪಾ? ಸಾಲ ಬಾಕಿ ಐತೇನು ಅವಂದು?”

ಇಷ್ಟೇ ನೋಡಿ. ಒಲಿಂಪಿಕ್ ಮ್ಯಾರಥಾನ್ ಮುಗಿಸಿದ ನಮ್ಮೂರ ಸೀಮೆಯ ಮನುಷ್ಯನ ಹೆಸರು ನಮ್ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಬಿ.ಕಾಂ. ಓದಿದ ನನಗೂ ಐವತ್ತು ದಾಟುವವರೆಗೆ ಗೊತ್ತಿರಲಿಲ್ಲ.

ಆ ಓಟ ನಡೆದದ್ದು 1920ರ ಆಗಸ್ಟ್ 22ರಂದು. ಅಂದ ಹಾಗೆ ಮ್ಯಾರಥಾನ್ ಎಂದರೆ ಆಗಿನ್ನೂ 42.195 ಎಂದು ಗಟ್ಟಿಯಾಗಿರಲಿಲ್ಲ. 1896ರ ಅಥೆನ್ಸಿನಲ್ಲಿ ಸುಮಾರು ನಲವತ್ತು ಕಿಲೋಮೀಟರ್, ಗೆದ್ದವನು ನೀರು ಹೊತ್ತು ಮಾರುತ್ತಿದ್ದ ಸ್ಪಿರಿಡಾನ್ ಲೂಯಿಸ್. 1908ರ ಲಂಡನ್ನಿನಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟು ಸ್ಟೇಡಿಯಮ್ಮಿನಲ್ಲಿ ರಾಜಮನೆತನದವರು ಕೂತ ಜಾಗದ ಮುಂದೆ ಮುಗಿಯಬೇಕೆಂದು ಅಳೆದದ್ದು ಈ ವಿಚಿತ್ರ 42.195. ಅದೇ ಅಳತೆ ಕಾಯಂ ಆದದ್ದು 1921ರಲ್ಲಿ. ಆಂಟ್ವರ್ಪಿನವರು ಓಡಿಸಿದ್ದು 42.75 ಕಿಲೋಮೀಟರ್, ಒಲಿಂಪಿಕ್ಸಿನಲ್ಲೇ ಅತಿ ಉದ್ದದ ಮ್ಯಾರಥಾನ್. ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮೈನನ್ ಗೆದ್ದ. ನಮ್ಮ ಚೌಗುಲೆ 2 ತಾಸು 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು. ನಾನು ಕ್ಯಾಲ್ಕುಲೇಟರ್ ತೆಗೆದು ಭಾಗಿಸಿದೆ. ಕಿಲೋಮೀಟರಿಗೆ ನಾಲ್ಕೇ ನಿಮಿಷ! ನನ್ನದು ಎಂಟೂಕಾಲು.

ಇನ್ನೊಂದನ್ನೂ ಹುಡುಕಿದೆ. ಚೌಗುಲೆಯವರ ಮನೆಯಲ್ಲಿ ಬೆಳಿಗ್ಗೆ ಎಬ್ಬಿಸುತ್ತಿದ್ದವರು ಯಾರು? ರೊಟ್ಟಿ ಬಡಿದು ಕೊಟ್ಟವರು, ಸಮುದ್ರ ದಾಟಬೇಡ ಎಂದು ಅತ್ತವರು ಯಾರು? ಪುಸ್ತಕದಲ್ಲಿ ಸಿಗುವುದು ಸಮಯ ಮತ್ತು ಸ್ಥಾನ ಮಾತ್ರ.

ಡಿಸೆಂಬರಿನಲ್ಲಿ ನಮ್ಮಾಕೆ ಮೊಬೈಲಿನಲ್ಲಿ ಸಮಯ ನೋಡಲು ಫೈವ್ ಗಾರ್ಡನ್ಸಿಗೆ ಬರತೊಡಗಿದಳು. ಕಲ್ಲುಬೆಂಚಿನ ಮೇಲೆ ಶಾಲು ಹೊದ್ದು ಕೂತು, ನಾನು ಸುತ್ತು ಹಾಕಿ ಬಂದಾಗಲೆಲ್ಲ ನಿಮಿಷ ಹೇಳುವ ಕೆಲಸ. ಒಂದು ದಿನ ಮೂರನೇ ಸುತ್ತಿನಲ್ಲಿ, “ಕೈ ಅಡ್ಡಡ್ಡ ಬೀಸಬ್ಯಾಡ್ರಿ, ಮುಂದ-ಹಿಂದ ಆಡಸ್ರಿ. ಭುಜ ಸಡಲ ಬಿಡ್ರಿ,” ಅಂದಳು. ನಿಂತುಬಿಟ್ಟೆ. ಇದು ಯೂಟ್ಯೂಬ್ ನೋಡಿ ಹೇಳುವ ಮಾತಲ್ಲ.

“ನಿನಗ ಹೆಂಗ ಗೊತ್ತು?”

“ನಾನೂ ಓಡತಿದ್ದೆ ಬಿಡ್ರಿ. 400 ಮೀಟರ್.”

ಮದುವೆಯಾಗಿ ಇಪ್ಪತ್ತೇಳು ವರ್ಷದ ಮೇಲೆ ಈ ಸುದ್ದಿ! 1984ರಲ್ಲಿ ಲಾಸ್ ಏಂಜಲೀಸಿನಲ್ಲಿ ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಪದಕ ಕಳೆದುಕೊಂಡ ಮೇಲೆ ಸವದತ್ತಿ ಕಡೆಯ ಅವಳ ಶಾಲೆಯಲ್ಲೂ ಹುಡುಗಿಯರೆಲ್ಲ ಓಡಲು ಶುರು ಮಾಡಿದರಂತೆ. 1986ರ ಸೋಲ್ ಏಷ್ಯನ್ ಗೇಮ್ಸಿನ ರಿಲೇ ಚಿನ್ನದಲ್ಲಿ ಉಷಾ ಜೊತೆ ನಮ್ಮ ವಂದನಾ ರಾವ್ ಇದ್ದರಲ್ಲ, ಆ ವರ್ಷ ಇವಳು ತಾಲೂಕಿಗೆ ಮೊದಲು ಬಂದು ಜಿಲ್ಲೆಗೆ ಆಯ್ಕೆಯಾಗಿದ್ದಳು. “ಚಡ್ಡಿ ಹಾಕ್ಕೊಂಡು ಧಾರವಾಡದಾಗ ಓಡೂದಾ ಅಂತ ಅಜ್ಜಿ ಗದ್ದಲ ಹಾಕಿದ್ಲು. ಮುಗೀತು.” ಇಷ್ಟು ಹೇಳಿ ಮೊಬೈಲ್ ನೋಡಿ, “ನಿಂತೀರಿ ಯಾಕ, ಟೈಮ್ ಓಡಾಕತ್ತೇತಿ,” ಅಂದಳು.

ಅಜ್ಜಿಯೊಬ್ಬಳನ್ನೇ ಬೈದು ಪ್ರಯೋಜನವಿಲ್ಲ. 1928ರಲ್ಲಿ ಹೆಂಗಸರಿಗೆ 800 ಮೀಟರ್ ಓಟ ಇಟ್ಟು, ಅವರಿಗೆ ಅದು ಆಗುವುದಿಲ್ಲ ಎಂದು ತೆಗೆದುಹಾಕಿದ ಒಲಿಂಪಿಕ್ಸಿನ ದೊಡ್ಡ ಮನುಷ್ಯರು ಅದನ್ನು ಮತ್ತೆ ಸೇರಿಸಿದ್ದು 1960ರಲ್ಲಿ. 1967ರ ಬೋಸ್ಟನ್ ಮ್ಯಾರಥಾನಿನಲ್ಲಿ ಕ್ಯಾಥರೀನ್ ಸ್ವಿಟ್ಜರ್ ಬರೀ ಇನಿಷಿಯಲ್ ಬರೆದು ಹೆಸರು ನೋಂದಾಯಿಸಿ ಓಡುತ್ತಿದ್ದಾಗ ಅಧಿಕಾರಿಯೊಬ್ಬ ನಡುರಸ್ತೆಯಲ್ಲಿ ನಂಬರು ಕಿತ್ತುಕೊಳ್ಳಲು ಮೈಮೇಲೆ ಬಿದ್ದ. ಜೊತೆಗೆ ಓಡುತ್ತಿದ್ದ ಆಕೆಯ ಗೆಳೆಯ ಅವನನ್ನು ಪಕ್ಕಕ್ಕೆ ನೂಕಿದ್ದರಿಂದ ಓಟ ಮುಗಿಯಿತು. ಒಲಿಂಪಿಕ್ಸಿನಲ್ಲಿ ಹೆಂಗಸರ ಮ್ಯಾರಥಾನ್ ಬಂದದ್ದೇ ಆ 1984ರಲ್ಲಿ, ಉಷಾ ಓಡಿದ ಅದೇ ಕೂಟದಲ್ಲಿ. ಅಮೆರಿಕದ ಜೋನ್ ಬೆನೋಯ್ಟ್ ಗೆದ್ದಳು. ಚೌಗುಲೆಯವರಿಗೂ ಆಕೆಗೂ ನಡುವೆ 64 ವರ್ಷ.

ಆ ವರ್ಷ ಮ್ಯಾರಥಾನ್ ಸಂಕ್ರಾಂತಿಯ ದಿನವೇ ಬಂತು. ಹಿಂದಿನ ದಿನ ಭೋಗಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬೆಣ್ಣೆ, ಪಲ್ಯ ಎಲ್ಲಾ ಇದ್ದರೂ ನನಗೆ ಮಾತ್ರ ಅನ್ನ-ಸಾರು, ಹೊಟ್ಟೆ ಕೆಡಬಾರದು ಅಂತ ಮಗಳ ಕಟ್ಟಪ್ಪಣೆ. ಎಂಬತ್ತು ದಾಟಿದ ಅವ್ವ ಇದನ್ನೆಲ್ಲಾ ನೋಡಿ, “ಹಬ್ಬದ ದಿನ ಉಪಾಸ ಹಾಕಿ ಓಡಸ್ತಾರಲ್ಲೋ ತಮ್ಮಾ, ಯಾರ ಬೆನ್ನ ಹತ್ತ್ಯಾರ ನಿನಗ?” ಎಂದು ಕೇಳಿದಳು. ಉತ್ತರ ಹೊಳೆಯಲಿಲ್ಲ.

ಬೆಳಗಿನ ಜಾವ ಐದು ದಾಟಿದ ಮೇಲೆ ಸಿ.ಎಸ್.ಟಿ. ಮುಂದಿನಿಂದ ಹೊರಟೆವು. ಮರೀನ್ ಡ್ರೈವ್, ಪೆಡ್ಡರ್ ರೋಡ್, ಹಾಜಿ ಅಲಿ ಕತ್ತಲಲ್ಲೇ ಹೋದವು. 2009ರಲ್ಲಿ ತೆರೆದ ಬಾಂದ್ರಾ-ವರಳಿ ಸೀ ಲಿಂಕಿನ ಮೇಲೆ ಬೇರೆ ದಿನ ಕಾಲಿಟ್ಟರೆ ಪೊಲೀಸರು ಹಿಡಿಯುತ್ತಾರೆ. ಅಂದು ಅದರ ಮೇಲೆ ಓಡುತ್ತಿದ್ದಾಗ ಬಲಕ್ಕೆ ಊರಿನ ಹಿಂದಿನಿಂದ ಸೂರ್ಯ ಬಂದ. ಸಂಕ್ರಾಂತಿಯ ಸೂರ್ಯ. ಓಡುತ್ತಲೇ ಕೈ ಮುಗಿದೆ.

ಬಾಂದ್ರಾ ಸುತ್ತಿ ಮಾಹಿಮಿಗೆ ಬಂದರೆ ಸರಿಯಾಗಿ ಅರ್ಧ. ವಡಾಲದಿಂದ ಟ್ಯಾಕ್ಸಿ ಹಿಡಿದು, ರಸ್ತೆ ಮುಚ್ಚಿದ ಕಡೆ ಇಳಿದು ನಡೆದು ಬಂದ ಹೆಂಡತಿ, ಮಗಳು ಅಲ್ಲಿ ನಿಂತಿದ್ದರು. ಮಜ್ಜಿಗೆ, ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ, ಒಂದು ಪುಟ್ಟ ಡಬ್ಬಿಯಲ್ಲಿ ಕುಸುರೆಳ್ಳು. “ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೋಣು,” ಅಂದಳು, ನಡುರಸ್ತೆಯಲ್ಲಿ, ನನ್ನ ಬೆವರಿನ ಕೈಗೆ ಹಾಕುತ್ತಾ. ಪಕ್ಕದಲ್ಲಿ ನಿಂತ ಮರಾಠಿ ಅಜ್ಜಿಯೊಬ್ಬರು ತಮ್ಮದೂ ಒಂದು ತಿಳಗೂಳ್ ಕೊಟ್ಟರು. ಗಡಿಯಾರ ನೋಡಿದೆ. ಹೊರಟು 2 ತಾಸು 50 ನಿಮಿಷ. ಫಡೆಪ್ಪ ಚೌಗುಲೆ ಆಂಟ್ವರ್ಪಿನ ಗುರಿ ಮುಟ್ಟಿದ ಹೊತ್ತಿಗೆ ನಾನು ಮಾಹಿಮಿನಲ್ಲಿ ಆಲೂಗಡ್ಡೆ ತಿನ್ನುತ್ತಿದ್ದೆ.

ಉಳಿದರ್ಧ ವಿವರಿಸುವಂಥದ್ದೇನಿಲ್ಲ. ಮೂವತ್ತರ ಮೇಲೆ ಕಾಲು ನನ್ನದಲ್ಲ ಅನ್ನಿಸಿತು. ವಾಪಸಿನ ಪೆಡ್ಡರ್ ರೋಡ್ ಏರನ್ನು ನಡೆದೇ ಹತ್ತಿದೆ, ಅಲ್ಲಿಯ ಮಕ್ಕಳು ಕಿತ್ತಳೆ ತೊಳೆ ಕೊಟ್ಟರು. ಮುಗಿಸಿದಾಗ ಅಳು ಬಂತು. ಸುತ್ತಮುತ್ತ ಅಳುವವರು ಬಹಳ ಜನ ಇದ್ದುದರಿಂದ ಮುಜುಗರ ಆಗಲಿಲ್ಲ. ಮನೆಯಲ್ಲಿ ಅವ್ವ ಪದಕ ತೂಗಿ ನೋಡಿ, “ಬೆಳ್ಳೀದಲ್ಲ,” ಅಂದಳು.

ಮುಂದಿನ ವರ್ಷ ಹೆಸರು ತುಂಬುವ ದಿನ ಬಂದಾಗ ಈ ಸಲ ಫಾರ್ಮು ನಾನೇ ತುಂಬಿದೆ, ಅವಳ ಹೆಸರಿಗೆ, ಹತ್ತು ಕಿಲೋಮೀಟರಿಗೆ. ಒಂದು ವಾರ ಮಾತು ಬಿಟ್ಟಿದ್ದಳು. ಎಂಟನೇ ದಿನ ಶೂ ಅಂಗಡಿಗೆ ಹೋಗೋಣ ಅಂದಳು. ನಾಲ್ಕೂವರೆಯ ಚಹಾ ನನ್ನ ಪಾಲಿಗೆ ಬಂತು. ನಾನು ಮಾಡುವ ಚಹಾ ಕುಡಿದರೆ ಯಾರಾದರೂ ಓಡಲೇಬೇಕು.

2024ರ ಜನವರಿ 21, ಮರೀನ್ ಡ್ರೈವ್. ಐವತ್ಮೂರರ ಹೆಂಗಸು, ತಲೆಗೆ ಟೋಪಿ, ಕೈ ಮುಂದೆ-ಹಿಂದೆ, ಭುಜ ಸಡಿಲ. ನಾನು ಬೇಲಿಯ ಪಕ್ಕ ಮಜ್ಜಿಗೆ ಬಾಟಲಿ ಹಿಡಿದು, “ಏ, ಇಲ್ಲೆ, ಇಲ್ಲೆ!” ಅಂತ ಕೂಗಿದೆ. ತಿರುಗಿಯೂ ನೋಡಲಿಲ್ಲ. “ಆಮ್ಯಾಲ!” ಅಂತ ಕೈಯಾಡಿಸಿ ಹೋದಳು. ಬಾಟಲಿ ಹಿಡಿದುಕೊಂಡು ಫುಟ್‌ಪಾತಿನ ಮೇಲೆ ಚರ್ಚ್‌ಗೇಟಿನವರೆಗೆ ನಾನೂ ಹಿಂದೆ ಓಡಿದೆ. ಸಿಗಲಿಲ್ಲ.