ಶಿಗ್ಗಾಂವ ಉಪಚುನಾವಣೆ: ವದಂತಿಯ ವೇಗ, ಕಾನೂನಿನ ನಡಿಗೆ

ಚುನಾವಣೆಗೂ ವದಂತಿಗೂ ಇರುವ ನಂಟು ಹಳೆಯದು. ಹಿಂದೆ ಸಂತೆಯ ಮಾತು ಊರು ಮುಟ್ಟಲು ದಿನಗಳು ಬೇಕಿದ್ದವು; ಈಗ ಮೊಬೈಲಿನಲ್ಲಿ ಕ್ಷಣ ಸಾಕು. ಇದರ ಪರಿಣಾಮವನ್ನು ಅರಿಯಲು 2024ರ ಶಿಗ್ಗಾಂವ ಉಪಚುನಾವಣೆಯನ್ನು ನೋಡಬೇಕು.

ಬಸವರಾಜ ಬೊಮ್ಮಾಯಿ ಲೋಕಸಭೆಗೆ ಆಯ್ಕೆಯಾಗಿ ತೆರವಾದ ಈ ಕ್ಷೇತ್ರದಲ್ಲಿ ನವೆಂಬರ್ 13ರಂದು ಮತದಾನವಿತ್ತು. ಅದೇ ವೇಳೆಗೆ ರಾಜ್ಯದಲ್ಲಿ ವಕ್ಫ್ ನೋಟಿಸುಗಳ ವಿವಾದ ಎದ್ದಿತ್ತು. ರೈತರ ಆತಂಕ ನಿರಾಧಾರವಾಗಿರಲಿಲ್ಲ. ವಿಜಯಪುರ ಜಿಲ್ಲೆಯ ಹೊನವಾಡದಲ್ಲಿ 1,200 ಎಕರೆ ವಕ್ಫ್ ಪಾಲಾಗುತ್ತದೆಂಬ ದೂರು ಬಂದಾಗ, ವಕ್ಫ್ ಆಸ್ತಿ 11 ಎಕರೆ ಮಾತ್ರ, ಉಳಿದದ್ದು ಹಳೆಯ ಗೆಜೆಟ್‌ನ ತಪ್ಪು ಎಂದು ಸರಕಾರವೇ ಹೇಳಬೇಕಾಯಿತು. ಈ ತಪ್ಪಿಗೆ ವದಂತಿ ಬೆರೆಯಿತು. ಅಕ್ಟೋಬರ್ 30ರ ರಾತ್ರಿ ಸವಣೂರು ತಾಲೂಕಿನ ಕಡಕೋಳದಲ್ಲಿ ಮುಸ್ಲಿಮರ ಮನೆಗಳ ಮೇಲೆ ಕಲ್ಲು ತೂರಲಾಯಿತು. ಕಲ್ಲೇಟು ತಿಂದವರು ಯಾರಿಗೂ ನೋಟಿಸು ಕೊಟ್ಟವರಲ್ಲ.

ನವೆಂಬರ್ 7ರಂದು ಇನ್ನೊಂದು ಸುದ್ದಿ ಹರಡಿತು. ಜಮೀನು ವಕ್ಫ್ ಪಾಲಾಯಿತೆಂದು ಹಾವೇರಿ ಜಿಲ್ಲೆಯ ರೈತನೊಬ್ಬ ಆತ್ಮಹತ್ಯೆ ಮಾಡಿಕೊಂಡನೆಂದು ಸುದ್ದಿತಾಣಗಳು ಬರೆದವು. ಸಂಸದ ತೇಜಸ್ವಿ ಸೂರ್ಯ ಎಕ್ಸ್‌ನಲ್ಲಿ ಹಂಚಿಕೊಂಡರು. ಹಾನಗಲ್ ತಾಲೂಕಿನ ಆ ರೈತ ತೀರಿಕೊಂಡದ್ದು 2022ರ ಜನವರಿಯಲ್ಲಿ, ಸಾಲ ಮತ್ತು ಬೆಳೆನಷ್ಟದಿಂದ ಎಂದು ಪೊಲೀಸರು ಸ್ಪಷ್ಟಪಡಿಸಿದರು. ಸಂಸದರು ಬರಹವನ್ನು ಅಳಿಸಿದರು. ಸಾಲಕ್ಕೆ ಬಲಿಯಾದ ಬಡವನ ಸಾವು ಅಷ್ಟರಲ್ಲಿ ಪ್ರಚಾರದ ಸರಕಾಗಿತ್ತು.

ಪೊಲೀಸರು ಮೊಕದ್ದಮೆ ಹೂಡಿದರು. ಡಿಸೆಂಬರ್‌ನಲ್ಲಿ ಹೈಕೋರ್ಟ್ ಸಂಸದರ ಮೇಲಿನ ಎಫ್‌ಐಆರ್ ರದ್ದುಪಡಿಸಿತು. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ರಾಜ್ಯದ ಮೇಲ್ಮನವಿಯನ್ನು ತಳ್ಳಿಹಾಕಿತು. ಅಷ್ಟರಲ್ಲಿ ಚುನಾವಣೆಯೇ ಮುಗಿದು, ಕಾಂಗ್ರೆಸ್‌ನ ಯಾಸಿರ್ ಅಹ್ಮದ್ ಖಾನ್ ಪಠಾಣ್ ಗೆದ್ದಿದ್ದರು. ಹಾಗೆಂದು ವದಂತಿ ಸೋತಿತು ಎನ್ನಬಹುದೇ? ಕಡಕೋಳದ ಗಾಯ ಮತ ಎಣಿಕೆಯಲ್ಲಿ ಕಾಣುವುದಿಲ್ಲ.

1951ರ ಜನಪ್ರತಿನಿಧಿ ಕಾಯ್ದೆಯ 123(4)ನೇ ಕಲಮು ಅಭ್ಯರ್ಥಿಯ ವೈಯಕ್ತಿಕ ಚಾರಿತ್ರ್ಯದ ಬಗೆಗಿನ ಸುಳ್ಳನ್ನು ಭ್ರಷ್ಟಾಚರಣೆ ಎನ್ನುತ್ತದೆ. ಸತ್ತ ರೈತನ ಹೆಸರಿನ ಸುಳ್ಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಹಾಗೆಂದು ಸತ್ಯವನ್ನು ತೀರ್ಮಾನಿಸುವ ಅಧಿಕಾರವನ್ನು ಸರಕಾರಕ್ಕೇ ಕೊಡುವುದೂ ಅಪಾಯಕರ. ಕೇಂದ್ರದ ಸತ್ಯಶೋಧನಾ ಘಟಕದ ನಿಯಮವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ರದ್ದುಪಡಿಸಿದ್ದನ್ನು ಮರೆಯಬಾರದು.

ರೈತನ ಸಾವಿನ ದಾಖಲೆ ಪೊಲೀಸರ ಬಳಿ ಮೊದಲೇ ಇತ್ತು. ಇಂತಹ ದಾಖಲೆಯನ್ನು ಚುನಾವಣಾಧಿಕಾರಿ ಗಂಟೆಗಳೊಳಗೆ ಬಹಿರಂಗಪಡಿಸಬೇಕು; ಸುಳ್ಳು ತಲುಪಿದ ಪ್ರತಿ ಮೊಬೈಲಿಗೂ ತಿದ್ದುಪಡಿ ತಲುಪಿಸುವ ಹೊಣೆ ಜಾಲತಾಣಗಳ ಮೇಲಿರಬೇಕು. ಕಂದಾಯ ದಾಖಲೆಗಳ ತಪ್ಪುಗಳನ್ನು ಚುನಾವಣೆಗೆ ಮೊದಲೇ ಸರಿಪಡಿಸಿದರೆ ವದಂತಿಗೆ ಬೇರೂರಲು ನೆಲವೇ ಸಿಗದು.