ಅಗಸಿಯ ಹೊರಗಿನ ಅಥಣಿ

ನಮ್ಮೂರಿನ ಅಗಸಿ ಬಿದ್ದು ಎಷ್ಟೋ ವರ್ಷ ಆಯ್ತು. ಬಾಗಿಲಿಲ್ಲ, ಗೋಡೆಯೂ ಇಲ್ಲ. ಆದ್ರೂ ಫೋನ್ ಮಾಡಿದ್ರೆ ಅವ್ವ ಈಗಲೂ “ನಿಮ್ಮಪ್ಪ ಅಗಸಿ ಕಡೆ ಹೋಗ್ಯಾರ” ಅಂತಾಳೆ. ಅದಕ್ಕೇ ಏನೋ, ವಿಜಯಪುರದ ಕೋಟೆಬಾಗಿಲು ನೋಡಿದಾಗ ನನ್ನ ಬಾಯಿಗೆ ದರವಾಜಾ ಅನ್ನೋದಕ್ಕಿಂತ ಮೊದಲು ಅಗಸಿ ಅಂತಲೇ ಬರುತ್ತೆ.

ಅಥಣಿಯಿಂದ ತಿಕೋಟಾ, ತೊರವಿ ದಾಟಿ ಹೋದರೆ ಎದುರಾಗೋದು ಆ ಊರಿನ ಪಶ್ಚಿಮದ ಗೋಡೆ. ಆ ದಿಕ್ಕಿನದು ಮಕ್ಕಾ ದರವಾಜಾ. ವಾಯವ್ಯಕ್ಕೆ ಶಹಾಪುರ, ಉತ್ತರಕ್ಕೆ ಬಹಮನಿ, ಪೂರ್ವಕ್ಕೆ ಅಲ್ಲಾಪುರ, ದಕ್ಷಿಣಕ್ಕೆ ಮನಗೂಳಿ. ಸುಮಾರು 10 ಕಿ.ಮೀ. ಸುತ್ತಳತೆಯ ಈ ಗೋಡೆಯನ್ನು ತಾಳೀಕೋಟೆ ಯುದ್ಧದ ಕಾಲಕ್ಕೆ, ಅಂದರೆ 1565ರ ಹೊತ್ತಿಗೆ, ಒಂದನೇ ಅಲಿ ಆದಿಲ್‌ಶಾಹ ಕಟ್ಟಿಸಿದ. ಬಾಗಿಲಿನ ಎರಡೂ ಬದಿಗೆ ದುಂಡನೆ ಬುರುಜು, ಮುಂದೆ ಕಂದಕ. ದಪ್ಪ ಕಟ್ಟಿಗೆಯ ಬಾಗಿಲಿಗೆ ಚೂಪಾದ ಕಬ್ಬಿಣದ ಮೊಳೆ. ಆನೆ ಹಣೆ ಕೊಟ್ಟು ನೂಕಬಾರದಲ್ಲ!

1679ರಲ್ಲಿ ಮೊಗಲರ ಸೇನಾಪತಿ ದಿಲೇರ್‌ಖಾನ್ ಈ ಊರಿಗೆ ಮುತ್ತಿಗೆ ಹಾಕಿದ. ಅಗಸಿ ಬಗ್ಗಲಿಲ್ಲ. ನವೆಂಬರ್‌ನಲ್ಲಿ ಬೇಸತ್ತು ಪಶ್ಚಿಮಕ್ಕೆ ತಿರುಗಿದ. ಅಂದ್ರೆ ನಮ್ಮ ಕಡೆಗೆ. ಮೊದಲು ಸಿಕ್ಕಿದ್ದು ತಿಕೋಟಾ. ಸುತ್ತಲಿನ ಉಳ್ಳವರು ಅಲ್ಲಿ ಆಶ್ರಯ ಪಡೆದಿದ್ದರು. ಹಿಂದೂ-ಮುಸ್ಲಿಂ ಎನ್ನದೆ ಹೆಣ್ಣುಮಕ್ಕಳು ಕೂಸುಗಳನ್ನು ಎತ್ತಿಕೊಂಡು ಬಾವಿಗೆ ಹಾರಿದರು, ಸುಮಾರು 3000 ಜನ ಸೆರೆಸಿಕ್ಕರು ಎಂದು ಇತಿಹಾಸಕಾರ ಜದುನಾಥ ಸರ್ಕಾರ್ ಬರೆದಿದ್ದಾರೆ. ಆಮೇಲೆ ಅಥಣಿ. ಮಾಂಡೆಲ್ಸ್ಲೋ ಎಂಬ ಜರ್ಮನ್ ಪ್ರವಾಸಿಯ ಕಥನದಲ್ಲಿ 1639ರ ಅಥಣಿ ದೊಡ್ಡ ವ್ಯಾಪಾರದ ಪೇಟೆ. ಅದಕ್ಕೂ ಲೂಟಿಯೇ ಗತಿಯಾಯಿತು.

ಆಗ ದಿಲೇರ್‌ಖಾನನ ದಂಡಿನಲ್ಲಿ ಶಿವಾಜಿಯ ಮಗ ಸಂಭಾಜಿಯೂ ಇದ್ದ. ತಂದೆಯ ಮೇಲೆ ಮುನಿಸಿಕೊಂಡು ಹಿಂದಿನ ವರ್ಷವೇ ಮೊಗಲರನ್ನು ಸೇರಿದ್ದ. ಅಥಣಿಯ ಜನರನ್ನು ಗುಲಾಮರಾಗಿ ಮಾರೋದಕ್ಕೆ ಅವನು ಒಪ್ಪಲಿಲ್ಲ, ಅವನ ಮಾತು ನಡೆಯಲಿಲ್ಲ. ಅದೇ ತಿಂಗಳು ತಪ್ಪಿಸಿಕೊಂಡ. ಓಡಿದ್ದು ಎಲ್ಲಿಗೆ ಅಂತೀರಿ? ಮೊದಲು ವಿಜಯಪುರಕ್ಕೆ, ತಾನೇ ಮುತ್ತಿಗೆ ಹಾಕಲು ಬಂದಿದ್ದ ಊರಿಗೆ! ಅಲ್ಲಿಂದ ಪನ್ಹಾಳಕ್ಕೆ, ಅಪ್ಪನ ಕಡೆಗೆ.

ಗೋಳಗುಮ್ಮಟದ ಮುಂದೆ ಸೆಲ್ಫಿ ತಗೊಂಡು ಬರೋ ನಾವು ಈ ಕಥೆಯನ್ನು ಎಲ್ಲೂ ಕೇಳಿರಲ್ಲ. ಶಾಲೆಯಲ್ಲಿ ನಾನು ಬಾಯಿಪಾಠ ಮಾಡಿದ್ದು 1686 ಒಂದೇ. ಆ ವರ್ಷ ಖುದ್ದು ಔರಂಗಜೇಬ್ ಬಂದ, ಸಿಕಂದರ್ ಆದಿಲ್‌ಶಾಹ ಶರಣಾದ. ಬಾದಶಹ ಒಳಗೆ ಹೋದದ್ದು ಮನಗೂಳಿ ಬಾಗಿಲಿನಿಂದ. ಅದಕ್ಕೆ ಫತೇ ದರವಾಜಾ, ಗೆಲುವಿನ ಬಾಗಿಲು, ಅಂತ ಹೆಸರಿಟ್ಟ. ಸೋತ ಊರಿನವರೂ ಅದನ್ನು ಹಾಗೇ ಕರೆಯುತ್ತಾ ಬಂದರು.