ರಂಕಾಳೆಯ ಅಜೀರ್ಣ

ಕೊಲ್ಹಾಪುರದಲ್ಲಿ ಮಹಾಲಕ್ಷ್ಮಿಯ ದರ್ಶನ ಮುಗಿಸಿ ರಂಕಾಳಾ ಕೆರೆಯ ದಂಡೆಗೆ ಹೋಗಿ ಕೂಡ್ರುವುದು ನಿಪ್ಪಾಣಿ, ಚಿಕ್ಕೋಡಿಯ ಕಡೆಯ ನಮ್ಮವರಿಗೆ ಹೊಸದಲ್ಲ. ಹಿಂದೆ ಇದು ಕಲ್ಲುಗಣಿಯಾಗಿತ್ತೆಂದು ಹೇಳುತ್ತಾರೆ. 1930ರ ದಶಕದಲ್ಲಿ ಇದರ ದಂಡೆಯ ಮೇಲೆ ಶಾಲಿನಿ ಅರಮನೆ ಎದ್ದಿತು. ನೀರಿನ ಮಗ್ಗುಲಲ್ಲಿ ಮನೆಯಿರುವುದು ಆಗ ಅರಸರಿಗೂ ಹೆಮ್ಮೆಯ ಮಾತು.

ಮುಂದೆ ಊರು ಬೆಳೆಯಿತು. ಗಟಾರಗಳ ಹೊಲಸು ಕೆರೆಯನ್ನು ಸೇರಿತು. ಆ ಹೊಲಸಿನೊಳಗಿನ ಸಾರಜನಕ, ರಂಜಕಗಳು ಪಾಚಿಗೆ ಗೊಬ್ಬರವೇ ಸರಿ. ಮರಾಠಿಗರು ಜಲಪರ್ಣಿಯೆನ್ನುವ, ದಕ್ಷಿಣ ಅಮೇರಿಕದಿಂದ ಬಂದ ಕಳೆಯೂ ಹಬ್ಬಿ ನೀರನ್ನೇ ಮರೆಮಾಡಿತು. ಅದರ ಹೂವೇನೋ ಚೆಲುವಾದುದು! ಪಾಚಿ ಸತ್ತು ಕೊಳೆಯುವಾಗ ನೀರಿನೊಳಗಿನ ಪ್ರಾಣವಾಯು ತೀರುತ್ತದೆ, ಮೀನು ಸಾಯುತ್ತವೆ. ಕೆರೆಗೆ ಅಜೀರ್ಣವಾಗುವುದು ಹೀಗೆ.

ಕಳೆಯನ್ನು ಕಿತ್ತರು, ರಾಷ್ಟ್ರೀಯ ಕೆರೆ ಸಂರಕ್ಷಣಾ ಯೋಜನೆಯಲ್ಲಿ ಹೆಸರೂ ಸೇರಿತು. ಆದರೆ ತಳದ ಹೂಳಿನಲ್ಲಿ ಕುಳಿತ ರಂಜಕ, ಆಳ ಕಡಿಮೆಯಿದ್ದಲ್ಲಿ, ಹೊಲಸು ನಿಂತ ಮೇಲೂ ವರ್ಷಗಟ್ಟಲೆ ನೀರಿಗೆ ಮರಳುತ್ತಿರುತ್ತದೆ.